ಕಿವಿಯಲ್ಲಿ ಹೇಳಬೇಕಾದ ಹೆಸರು

10-2-1974, ಭಾನುವಾರ. ಹೊಳಲ್ಕೆರೆ

ಸ್ನಾನ. ಕಾಫಿ. ನಾಳೆಯ ಕೇಸಿನ ಕಾಗದಗಳನ್ನು ನೋಡಿದ್ದಾಯಿತು. ಕ್ಷೌರಕ್ಕೆಂದು ಬಸ್ ಸ್ಟ್ಯಾಂಡಿನ ಕಡೆ ಹೊರಟವನಿಗೆ ದಿಲಾವರನ ಸೈಕಲ್ ಶಾಪಿನ ಮುಂದೆ "ಉಜ್ಜಸೋತೀ" ಎಂಬ ಕೂಗು ಕೇಳಿಸಿತು. ಕಾಲು ನಿಂತಿತು. ಕೂಗಿದವಳು ದೊಡ್ಡತಿಮ್ಮಪ್ಪನ ಸೊಸೆ, ತೋಳಿನಲ್ಲಿ ಹೆಣ್ಣುಕೂಸು. ನನ್ನ ಮಗಳು ಹೋದ ಮೇಲೆ ಈ ಊರಿನಲ್ಲಿ ಅವಳ ಹೆಸರು ಹೊತ್ತ ಎರಡನೆಯ ಮಗು.

"ಊರ್ಜಸ್ವತಿ. ಊಕಾರ ದೀರ್ಘ" ಎಂದು ತಿದ್ದಿದೆ.

"ನಮ್ಮ ಬಾಯಿಗೆ ಇಷ್ಟೇ ಬರಾದು ಸಾರ್. ನಿಮ್ಮ ಪಾಪು ಚೆಂದ ಇತ್ತು, ಅದ್ಕೇ ಇಟ್ಟಿದ್ದು."

ಭಾಗವತದಿಂದ ನಾನೇ ಆರಿಸಿ ತಂದ ಹೆಸರು. ಬಲವುಳ್ಳವಳು ಎಂದರ್ಥ. ಕಳೆದ ದೀಪಾವಳಿಗೆ ಮುನ್ನ ಗಂಟಲಮಾರಿ ಬಂದು ಎತ್ತಿಕೊಂಡು ಹೋಯಿತು. ನಾಲ್ಕು ವರ್ಷದ ಬಲ.

14-2, ಗುರುವಾರ

ತಾಳ್ಯದಿಂದ ಕೆಂಚಕ್ಕ ಬಂದಿದ್ದಳು — ನನ್ನ ಮಗಳನ್ನು ಎತ್ತಿ ಆಡಿಸಿದವಳು. ಅವಳ ಮಗನಿಗೆ ಹೆಣ್ಣು ಹುಟ್ಟಿದೆಯಂತೆ.

"ಆ ಹೆಸ್ರೇ ಇಡ್ತೀವಿ ವಕೀಲಪ್ಪಾರೆ."

"ಕೂಡದು" ಎಂದೆ. ಕಾರಣಗಳನ್ನು ಕ್ರಮವಾಗಿ ಮಂಡಿಸಿದೆ. ಕಾಲೇಜಿನ ಚರ್ಚಾಸ್ಪರ್ಧೆಯಾಗಿದ್ದರೆ ಗಂಟೆ ಬಾರಿಸುವ ಮುನ್ನವೇ ಎದುರಾಳಿ ಕುಳಿತುಬಿಡುತ್ತಿದ್ದ. ಕೆಂಚಕ್ಕ ಮೊದಲೇ ಕುಳಿತಿದ್ದಳು, ಎಲೆಯಡಿಕೆ ಅಗಿಯುತ್ತ.

"ನಮ್ಮ ಬಾಯಾಗೆ ಕೆಡ್ತೈತೆ ಅಂಬೋದು ತಾನೆ ನಿಮ್ಮ ತಕರಾರು? ನೀವೇ ಬಂದು ಕೂಸಿನ ಕಿವಿಯಾಗೆ ಹೇಳ್ರಿ. ಸೋದರತ್ತೆ ಹೇಳ್ಬೇಕು, ಆದ್ರೆ ನನ್ನ ಮಗ್ಳು ಪಾಲಮ್ಮ ಬ್ಯಾಡ ಅನ್ನಲ್ಲ. ಕಿವಿಗೆ ಬಿದ್ದಿದ್ದೇ ಹೆಸ್ರು. ಆಮ್ಯಾಕೆ ನಾವು ಹೆಂಗಾರ ಕೂಗ್ಕಂತೀವಿ."

ಎದ್ದು ಕೇಸಿನ ಕಾಗದಗಳನ್ನು ಜೋಡಿಸತೊಡಗಿದೆ.

ಅವಳು ಹೋದ ಮೇಲೆ ಜಯ ಹೇಳಿದಳು: "ಆ ಹೆಸರು ಎಲ್ಲಾದ್ರೂ ಓಡಾಡ್ಲಿ ಬಿಡ್ರಿ. ಈ ಮನೇಲಿ ಓಡಾಡೋದು ನಿಮ್ಮ ಕೋಪ ಒಂದೇ."

ಹೆಂಡತಿ ಇಷ್ಟು ಮಾತಾಡಿ ತಿಂಗಳುಗಳಾಗಿದ್ದವು. ಹೋಗುತ್ತೇನೆಂದೆ — ಸೋತೆನೋ, ಒಪ್ಪಿದೆನೋ.

3-3-1974, ಭಾನುವಾರ, ಸಂಜೆ

ತಾಳ್ಯಕ್ಕೆ ಹೋಗಿ ಬಂದೆ. ಜಯ ಬರಲಿಲ್ಲ; ಮಗಳ ಕುಲಾವಿ ಕಳಿಸಿದ್ದಳು. ಕೂಸಿನ ತಲೆಗೆ ಅದು ದೊಡ್ಡದು, ಹುಬ್ಬಿನವರೆಗೆ ಇಳಿಯಿತು.

ತೊಟ್ಟಿಲ ಮೇಲೆ ಬಗ್ಗಿದೆ. ರೂಢಿಯಂತೆ ಹೆಂಗಸರು ಬೆನ್ನಿಗೆ ಗುದ್ದಿದರು.

"ಮೆತ್ತಗೆ ಗುದ್ರೇ, ವಕೀಲ್ರು ಕೇಸ್ ಹಾಕ್ತಾರೆ" ಎಂದಳು ಪಾಲಮ್ಮ. ನಗು.

ಸಣ್ಣ ಕಿವಿ. ಹರಳೆಣ್ಣೆಯ ವಾಸನೆ. ಹೇಳಬೇಕೆಂದೇ ಹೋಗಿದ್ದೆ, ಅದರಲ್ಲಿ ಮೋಸವಿರಲಿಲ್ಲ. ಆದರೆ... ಹೇಳಿದೊಡನೆ ಅದು ಇವಳದು. ಇವಳು ಬೆಳೆಯುತ್ತಾಳೆ, ಐದು ತುಂಬುತ್ತದೆ, ಆರು ತುಂಬುತ್ತದೆ. ಆ ಹೆಸರು ಇವಳೊಡನೆ ಬೆಳೆದುಹೋಗುತ್ತದೆ. ನನ್ನ ಮಗಳ ಪಾಲಿಗೆ ಉಳಿದಿರುವುದು ಅದೊಂದೇ.

ತುಟಿ ಆಡಿಸಿದೆ. ಸ್ವರ ಕೊಡಲಿಲ್ಲ.

"ಆತಾ?" ಕೆಂಚಕ್ಕ ಕೇಳಿದಳು.

"ಆಯಿತು."

ಅವಳು ಕೂಸನ್ನೆತ್ತಿ "ಉಜ್ಜೀ" ಎಂದಳು. ಮನೆಯ ತುಂಬ ಉಜ್ಜಿ, ಉಜ್ಜಿ. ಕೂಸು ಕಣ್ಣರಳಿಸಿತು. ನಾನು ಬಚ್ಚಿಟ್ಟುಕೊಂಡು ಬಂದದ್ದು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ.

4-3, ಸೋಮವಾರ, ಬೆಳಿಗ್ಗೆ 7

ಜಯ ಕಾಫಿ ತಂದಳು.

"ಹೇಳಿದ್ರಾ?"

"ಹೇಳಿದೆ."

ಅವಳ ಮುಖ ಸಡಿಲವಾಯಿತು. ದೀಪಾವಳಿಯಿಂದೀಚೆಗೆ ನಾನು ನೋಡದಿದ್ದ ಮುಖ. ಪಕ್ಕದಲ್ಲೇ ಕುಳಿತಳು.

"ಬೀದೀಲಿ ಜನಾನ ತಿದ್ತೀರಂತೆ. ಮನೇಲಿ ಒಂದ್ಸಲಾನೂ ಆ ಹೆಸರು ಎತ್ತಿಲ್ಲ ನೀವು. ನನಗೂ ಹೇಳ್ರಿ. ತಿದ್ದೋ ಹಾಗಲ್ಲ... ಕೂಸಿಗೆ ಹೇಳಿದ್ರಲ್ಲ, ಹಾಗೆ."

ಕನ್ನಡಕ ತರುತ್ತೇನೆಂದು ಒಳಗೆ ಬಂದೆ. ಕನ್ನಡಕ ಮೂಗಿನ ಮೇಲೆಯೇ ಇದೆ. ಅವಳು ಅದನ್ನು ಕಂಡಳು. ಹಜಾರದಲ್ಲಿ ಕಾಯುತ್ತಿದ್ದಾಳೆ, ಕಾಫಿ ಆರುತ್ತಿದೆ. ಬಾಗಿಲವರೆಗೆ ಹೋದೆ. ತಿರುಗಿ ಬಂದು ಇದನ್ನು ಬರೆಯುತ್ತಿದ್ದೇನೆ.

"ಬರ್ತೀರಾ?" ಎನ್ನುತ್ತಿದ್ದಾಳೆ. ಮೆಲ್ಲಗೆ, ಅವಸರವಿಲ್ಲದೆ.

ಎದ್ದು ಹೋಗಬೇಕು. ಹೋಗಿ, ಎದುರು ಕುಳಿತು, ಬಾಯಿ ತೆರೆದು...