ಹನ್ನೊಂದು ಹೆಸರಿನ ಪಟ್ಟಿ

ಭಾನುವಾರ, ಊಟವಾದ ಮೇಲೆ

ಸಮಸ್ತ ಸೀಟಿಗಳ ಸಾರ್ವಭೌಮರೂ, ಹರಿದ ಬಲೆಗಳ ಪೋಷಕರೂ, ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡವನ್ನು ಇಪ್ಪತ್ತಮೂರು ವರ್ಷ ಬರೀ ಕೂಗಾಟದಿಂದಲೇ ಪಾಲಿಸಿದವರೂ, ಅಂಕಣದೊಳಗೆ ಕೋಚ್ ಸರ್, ಹೊರಗೆ ನನ್ನ ಸೋದರಮಾವನೂ ಆದ ತಮ್ಮ ಪಾದಾರವಿಂದಗಳಿಗೆ (ಬಿಳಿ ಬೂಟು, ಎಡಗಾಲಿನದರ ಅಡಿ ಕಿತ್ತುಬಂದಿದೆ), ತಂಡದ ಹನ್ನೆರಡನೆಯವಳೂ ಬೆಂಚಿನ ಖಾಯಂ ಕಾವಲುಗಾರ್ತಿಯೂ ಆದ ಸೋದರಸೊಸೆಯ ಸಾಷ್ಟಾಂಗ ನಮಸ್ಕಾರಗಳು.

ನಮಸ್ಕಾರ ಮುಗಿಯಿತು. ಈಗ ಬೈಗುಳ.

ರಾಜೀನಾಮೆ ಕೊಡಿ ಎಂದು ನಿಮಗೆ ಹೇಳಿದವರು ಯಾರು? ಶುಕ್ರವಾರ ಪ್ರಿನ್ಸಿಪಾಲರ ಕೋಣೆಗೆ ಹೋದಿರಿ, ಐದೇ ನಿಮಿಷಕ್ಕೆ ಹೊರಬಂದಿರಿ, ಬೀಗದಕೈಯನ್ನು ಅಟೆಂಡರ್ ಕೈಗಿಟ್ಟು ಬಸ್ಸು ಹತ್ತಿದಿರಿ. ನಾವು ಹನ್ನೆರಡು ಜನ ಸಾಲಾಗಿ ನಿಂತು ನಿಮ್ಮ ಸೀಟಿಗೆ ಕಾಯುತ್ತಿದ್ದೆವು. "ಹೋಗ್ರಮ್ಮ ಮನೆಗೆ, ನಿಮ್ಮ ಸರ್ ಕೆಲಸ ಬಿಟ್ರು" ಎಂದು ಅಟೆಂಡರ್ ಬಂದು ಹೇಳಬೇಕಾಯಿತು.

ಆಗಿದ್ದಾದರೂ ಏನು? ಆಟಕ್ಕೆ ಮುಂಚೆ ಹನ್ನೆರಡು ಹೆಸರಿನ ಪಟ್ಟಿಗೆ ಕೋಚ್ ಸಹಿ ಹಾಕಿ ಅಂಕ ಬರೆಯುವವರ ಮೇಜಿಗೆ ಕೊಡಬೇಕು. ಅದರಲ್ಲಿ ಹೆಸರಿಲ್ಲದವಳು ಆಡುವಂತಿಲ್ಲ. ಎದುರಾಳಿ ದಣಿಯುವ ತನಕ ನಮ್ಮ ಒಂಬತ್ತನೇ ನಂಬರಿನ ಉದ್ದನೆ ಹುಡುಗಿ ಏಣಿಯನ್ನು ಬೆಂಚಿನಲ್ಲಿ ಕೂರಿಸಿಕೊಂಡಿದ್ದು ಆಮೇಲೆ ಇಳಿಸುವುದು ನಿಮ್ಮ ಹಳೇ ಪಟ್ಟು. ಸೆಮಿಫೈನಲ್ಲಿನಲ್ಲೂ ಹಾಗೇ ಎಬ್ಬಿಸಿದಿರಿ. ಮೇಜಿನವರು ಪಟ್ಟಿಯ ಮೇಲೆ ಬೆರಳಾಡಿಸಿ, "ಒಂಬತ್ತನೇ ನಂಬರೇ ಇಲ್ವಲ್ಲ" ಎಂದರು. ಆರಡಿ ಹುಡುಗಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಕೂತಳು. ಏಳು ಅಂಕಗಳಿಂದ ಸೋತೆವು.

ಅದಕ್ಕೆ ಪ್ರಿನ್ಸಿಪಾಲರು ಎಲ್ಲ ಮೇಷ್ಟ್ರುಗಳ ಎದುರು, "ಕಣ್ಣು ಕಾಣ್ದೇ ಇದ್ರೆ ಮನೇಲಿರ್ಬೇಕಪ್ಪ" ಎಂದರಂತೆ. ನೀವು, "ಸಹಿ ನಂದು, ತಪ್ಪೂ ನಂದೇ" ಎಂದಿರಂತೆ. ರೆಫರಿಗಳ ಜೊತೆ ಜಗಳವಾಡಿ ಎರಡು ಸಲ ಅಂಕಣದಿಂದ ಹೊರದಬ್ಬಿಸಿಕೊಂಡ ಮನುಷ್ಯ ನೀವು. ಜೀವಮಾನದಲ್ಲಿ ಒಂದು ಚೆಂಡು ಮುಟ್ಟದೆ, ಟ್ರೋಫಿ ಬಂದಾಗ ಮಾತ್ರ ಫೋಟೋಗೆ ಓಡಿಬರುವ ಆಸಾಮಿಯ ಮುಂದೆ ಬಾಯಿಗೆ ಹೊಲಿಗೆ ಹಾಕಿಕೊಂಡಿರಾ? ನನಗೆ ಮೈಯೆಲ್ಲ ಉರಿಯುತ್ತಿದೆ.

ನಿನ್ನೆ ಮನೆಗೆ ಬಂದವರು ನನ್ನ ಮುಖ ನೋಡಲಿಲ್ಲ. ಸ್ಟೂಲು ಹತ್ತಿ ನಮ್ಮ ಫ್ಯಾನು ಒರೆಸಿ ಹೋದಿರಿ. ನೀವು ಹೋದ ಮೇಲೆ ನಿಮ್ಮಕ್ಕ ಪಾತ್ರೆ ತಿಕ್ಕುತ್ತ, "ಐವತ್ತೆರಡಾಯ್ತು, ಆ ಚೆಂಡು ಬಿಟ್ರೆ ಇವನಿಗೆ ಬೇರೇನು ಬರತ್ತೆ ಹೇಳು" ಎಂದು ಅತ್ತರು. ಅದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯಾ? ಮರ್ಯಾದೆಯಾಗಿ ಆ ರಾಜೀನಾಮೆ ವಾಪಸ್ ತಗೊಳ್ಳಿ.

ತಮ್ಮ ಆಜ್ಞೆಯನ್ನು ಇನ್ನು ಮುಂದೆ ಪಾಲಿಸದ,
ಹನ್ನೆರಡನೆಯವಳು

ಮರೆತ ಮಾತು: ಮರೆತಿದ್ದಲ್ಲ, ಇಲ್ಲಿವರೆಗೆ ಧೈರ್ಯ ಬರಲಿಲ್ಲ. ನೀವು ಬರೆದ ಪಟ್ಟಿಯಲ್ಲಿ ಹನ್ನೆರಡೂ ಹೆಸರಿದ್ದವು. ಹಿಡ್ಕೋ ಎಂದು ನನ್ನ ಕೈಗೆ ಕೊಟ್ಟಿರಿ. ಬೆಂಚಿನವರನ್ನು ನಗಿಸಲು ಅದರ ಮೇಲೆ ನಿಮ್ಮ ಚಿತ್ರ ಬರೆದೆ. ಆಮೇಲೆ ಹೆದರಿ, ಬೇರೆ ಹಾಳೆಗೆ ಗಡಿಬಿಡಿಯಲ್ಲಿ ನಕಲು ಮಾಡಿದೆ. ನೀವು ನನ್ನನ್ನು ನಂಬಿ, ನೋಡದೆ ಸಹಿ ಹಾಕಿದಿರಿ. ನನ್ನ ಅಕ್ಷರ ನಿಮಗೆ ಗೊತ್ತು. ಗೊತ್ತಿದ್ದೂ ನನ್ನ ಹೆಸರು ಹೇಳಲಿಲ್ಲವಲ್ಲ, ಅದೇ ನನ್ನ ಸಿಟ್ಟು. ನಾಳೆ ಹತ್ತು ಗಂಟೆಗೆ ಆ ಮೊದಲನೇ ಹಾಳೆ ಹಿಡಿದು ಪ್ರಿನ್ಸಿಪಾಲರ ಬಾಗಿಲಲ್ಲಿ ನಿಂತಿರುತ್ತೇನೆ. ಚಿತ್ರದಲ್ಲಿ ನಿಮ್ಮ ಮೂಗು ಸ್ವಲ್ಪ ದೊಡ್ಡದಾಗಿದೆ. ಅದಕ್ಕೂ ಕ್ಷಮಿಸಿ.