ಮೀಯಿಸುವ ಕೈ

ಮರವಂತೆ
14-1-2025

ನನ್ನ ಗೆಳತಿ ಗೋಪಿಗೆ,

ಮರವಂತೆಯಿಂದ ಪದ್ದು ಬರೆಯುವುದು. ನೀನು, ಮಗಳು ಧನ್ಯಶ್ರೀ, ಮೊಮ್ಮಗ ಎಲ್ಲರೂ ಮಲಾಡಿನಲ್ಲಿ ಸೌಖ್ಯ ಎಂದು ನಂಬಿದ್ದೇನೆ. ನೀನು ಫೋನು ಮಾಡಿದಾಗಲೆಲ್ಲ ನಾನು ಎತ್ತಲಿಲ್ಲ ಎಂದು ಸಿಟ್ಟು ಮಾಡಬೇಡ. ಸೊಕ್ಕಲ್ಲ. ನನ್ನ ಬೆರಳ ತುದಿ ಗಟ್ಟಿಯಾಗಿದೆ, ಫೋನಿನ ಗಾಜು ಎಷ್ಟು ಉಜ್ಜಿದರೂ ಕೇಳುವುದಿಲ್ಲ. ಎತ್ತಿದರೂ ಮಾತಿನ ಮಧ್ಯೆ ಅಳು ಬಂದರೆ ನೀನು ಅಷ್ಟು ದೂರದಲ್ಲಿ ಹೆದರುತ್ತೀ. ಅದಕ್ಕೇ ಈ ಕಾಗದ. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ ಮೊದಲೇ ಸೊಟ್ಟ. ಈಗ ಪೆನ್ನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡು ಹಿಡಿದಿದ್ದೇನೆ. ಓದಲಾಗದಿದ್ದರೆ ಮಗಳ ಕೈಗೆ ಕೊಡಬೇಡ, ನೀನೇ ನಿಧಾನಕ್ಕೆ ಓದು.

ಕೂಸಿಗೆ ಶೀತ ಗೀತ ಇಲ್ಲವಲ್ಲ? ಬೊಂಬಾಯಿಯ ನಲ್ಲಿ ನೀರು ನಂಬಬೇಡ, ಕುದಿಸಿ ಆರಿಸಿಯೇ ಮೀಯಿಸು. ಮೀಯಿಸಿದ ಮೇಲೆ ಕಿವಿಯ ಹಿಂದೆ ಒರೆಸು. ನೀನು ಇದನ್ನೆಲ್ಲ ಬಲ್ಲೆ, ನನಗೆ ಮಾತ್ರ ಹೇಳದಿದ್ದರೆ ತಡೆಯುವುದಿಲ್ಲ.

ನನ್ನ ಕಾಯಿಲೆಗೆ ಹೆಸರು ಸಿಕ್ಕಿತು. ಸ್ಕ್ಲೆರೋಡರ್ಮ. ನನ್ನ ಬಾಯಿಗೆ ಇನ್ನೂ ಹೊರಳುವುದಿಲ್ಲ. ತ್ರಾಸಿಯಲ್ಲಿ ಇಬ್ಬರೂ ಪಕ್ಕ ಪಕ್ಕ ಮೀನು ಮಾರಲು ಕೂರುತ್ತಿದ್ದಾಗ ಐಸಿನೊಳಗಿಂದ ಬಂಗುಡೆ ತೆಗೆದರೆ ನನ್ನ ಬೆರಳು ಬಿಳಿಚಿ, ಆಮೇಲೆ ನೀಲಿಯಾಗಿ, ಕಡೆಗೆ ಕೆಂಪಾಗಿ ಉರಿಯುತ್ತಿತ್ತಲ್ಲ? "ಹ್ವಾಯ್ ಪದ್ದು, ನಿನ್ ಕೈ ಬಂಗ್ಡಿ ಹೊಟ್ಟಿ ಕಂಡಂಗ್ ಆಯ್ತಲೆ! ತಕ್ಡಿ ಹತ್ರ ಇಡ್ಬೇಡ, ಗಿರಾಕಿ ತಕಂಡ್ ಹೋತ್ರ್" ಎಂದು ನೀನು ಎಲ್ಲರನ್ನೂ ನಗಿಸುತ್ತಿದ್ದೆ. ಕಾಯಿಲೆ ಶುರುವಾದದ್ದೇ ಹಾಗೆ. ಐಸು ಹಿಡಿಯುವ ಕೈ ಯಾರದ್ದಾದರೂ ಮರಗಟ್ಟುತ್ತದೆ ಎಂದು ನಾವೆಲ್ಲ ಬಿಟ್ಟುಬಿಟ್ಟೆವು. ಬೇರೆ ಕಸುಬಿನವಳಾಗಿದ್ದರೆ ಆಗಲೇ ಯಾರಾದರೂ ಹೆದರುತ್ತಿದ್ದರೋ ಏನೋ.

ನೀನು ಬೊಂಬಾಯಿಗೆ ಹೋದ ಮೇಲೆ ಕೈಯ ಚರ್ಮ ಬಿಗಿದು ಹೊಳೆಯತೊಡಗಿತು. ಉಂಗುರ ಕತ್ತರಿಸಿ ತೆಗೆಸಬೇಕಾಯಿತು. ಬಾಯಿಯೂ ಚಿಕ್ಕದಾಗುತ್ತ ಬಂತು. ಹಾವಿನ ಪೊರೆ ಹಾಗೆ ಚರ್ಮ ಆಗಿದೆ, ನಾಗದೋಷ ಎಂದರು ಜನ. ನನ್ನ ಗಂಡ ಆಶ್ಲೇಷಾ ಬಲಿ ಮಾಡಿಸಿದರು. ಮಾಡಿಸಿದ್ದು ತಪ್ಪೆನ್ನಲಾರೆ, ಆದರೆ ಅದೇ ಸಾಕು ಎಂದು ಒಂದು ಇಡೀ ಮಳೆಗಾಲ ಆಸ್ಪತ್ರೆಗೆ ಹೋಗದೆ ಕುಳಿತೆವು.

ಕಡೆಗೆ ಹೋದ ಆಸ್ಪತ್ರೆಯ ಡಾಕ್ಟರಮ್ಮ ಬೈಂದೂರು ಕಡೆಯವರು, ನಮ್ಮ ಮಾತೇ ಆಡುತ್ತಾರೆ. "ಅಮ್ಮ, ಮೈ ಕಾಯೂಕಿಪ್ಪ ಶಕ್ತಿ ಇತ್ತಲೆ, ಅದೇ ತಿರ್ಗಿ ನಿಮ್ ಮೈ ಮೇಲೆ ಬಿದ್ದಿತ್. ನೀವ್ ತಿಂದದ್ರಿಂದ ಅಲ್ಲ, ಯಾವ ದೋಷದ್ರಿಂದ್ಲೂ ಅಲ್ಲ. ಯಾರಿಗೂ ಅಂಟ್ತಿಲ್ಲೆ" ಎಂದರು.

"ಪೂರ್ತಿ ಗುಣ ಆತ್ತಾ?" ಎಂದು ಕೇಳಿದೆ.

"ಹೆಚ್ಚಾಗದ ಹಾಂಗೆ ನೋಡ್ಕಂಬುಕ್ ಆತ್ತ್. ಗುಣ ಅಂದ್ ಸುಳ್ ಹೇಳ್ತಿಲ್ಲೆ."

ಹಾಗೆ ನನ್ನ ಮೀನಿನ ಬುಟ್ಟಿ ಮೂಲೆ ಸೇರಿತು. ಐಸು ಮುಟ್ಟುವಂತಿಲ್ಲ. ಬೆಳಗಿನ ಗಾಳಿಗೆ ಕೈಗವಸು, ಕಾಲಿಗೆ ಸಾಕ್ಸು. "ಕಾಶ್ಮೀರಕ್ ಹೊರ್ಟದ್ದಾ ಹೆಣ್ಣೆ?" ಎಂದು ಗಂಡನ ತಮಾಷೆ. ತಮಾಷೆ ಮಾಡುತ್ತಲೇ ಬೀಡಿ ಹಿಡಿದು ಗದ್ದೆಯಂಚಿನವರೆಗೆ ಹೋಗುತ್ತಾರೆ, ಹೊಗೆ ನನಗೆ ಆಗದು ಎಂದು ಡಾಕ್ಟರು ಹೇಳಿದ ಮೇಲೆ. ಬೆಚ್ಚಗಿನ ಮೇಣದಲ್ಲಿ ಕೈ ಅದ್ದಿ ಬೆರಳು ಮಡಚಬೇಕು, ಕನ್ನಡಿ ನೋಡಿ ಬಾಯಿ ಅಗಲಿಸಬೇಕು. ಗಂಜಿಯನ್ನು ಸ್ವಲ್ಪ ಸ್ವಲ್ಪವೇ ಉಣ್ಣಬೇಕು, ಇಲ್ಲವಾದರೆ ಎದೆಗೆ ಹುಳಿ ಏರುತ್ತದೆ. ಬಿಪಿ ತಟ್ಟನೆ ಏರಿದರೆ ಕಿಡ್ನಿಗೆ ಅಪಾಯ, ಒಂದು ಗಳಿಗೆ ಕಾಯದೆ ಬನ್ನಿ ಎಂದಿದ್ದಾರೆ. ಅದು ಕೇಳಿದಂದಿನಿಂದ ತಲೆ ಸ್ವಲ್ಪ ನೋಯುವಂತಿಲ್ಲ, ನಾನು ಚೀಲ ಕಟ್ಟಿ ರಸ್ತೆಗೆ ಬಂದು ನಿಲ್ಲುತ್ತೇನೆ. ಕಡಲ ದಂಡೆಯ ಹೊಯಿಗೆಯಲ್ಲಿ ನಡೆದು ಉಸಿರು ಕಟ್ಟಿದರೆ ಶ್ವಾಸಕೋಶಕ್ಕೂ ಇಳಿಯಿತಾ ಎಂದು ಹೆದರಿಕೆ. ಕಡಲು ದಡ ಕೊರೆಯುವ ಹೆದರಿಕೆ ಈಚೆಗೆ ಮರೆತೇ ಹೋಗಿದೆ, ಕಾಣು.

ಈಗ ನನ್ನ ಮಗಳು ನವ್ಯಾಳ ವಿಷಯ. ಬ್ರಹ್ಮಾವರದಲ್ಲಿ ಗಂಡನ ಮನೆಯವರು ಸೀಮಂತ ಚೆನ್ನಾಗಿ ಮಾಡಿ ಕಳುಹಿಸಿದರು. ಮೊದಲ ಬಾಣಂತನ ತಾಯಿಮನೆಯದ್ದು ತಾನೇ? ಎಣ್ಣೆ ಕಾಯಿಸಿಟ್ಟೆ, ಹಳೆ ಸೀರೆ ಒಗೆದು ಮಡಚಿಟ್ಟೆ, ಬಚ್ಚಲ ಹಂಡೆ ತಿಕ್ಕಿಸಿದೆ. ಹದಿನೈದು ದಿನವೂ ನಿಲ್ಲಲಿಲ್ಲ. ಅಳಿಯ ಸುಧೀರ್ ಬಂದು ಕರೆದುಕೊಂಡು ಹೋದ. ಆಸ್ಪತ್ರೆ ಹತ್ತಿರ, ಇಲ್ಲೇ ಇರಲಿ, ಕೂಸನ್ನು ಮೀಯಿಸಲು ಒಬ್ಬ ಹೆಂಗಸನ್ನು ಗೊತ್ತು ಮಾಡಿದ್ದೇವೆ ಎಂದು ಬೀಗಿತ್ತಿ ಹೇಳಿದರಂತೆ. ನನ್ನ ಕಾಯಿಲೆ ಅಂಟುತ್ತದೆ ಎಂದು ಅವರಿಗೆ ಅನುಮಾನ ಇರಬೇಕು. ನೆರೆಮನೆಯವಳು ಬೇಲಿ ಹತ್ತಿರ ನಿಂತು, "ಎಂತ ಪದ್ದಕ್ಕ, ಬಸ್ರಿ ಮಗಳ್ ತಿರ್ಗಿ ಹೋದ್ಲಲೆ, ಜಗ್ಳವಾ?" ಎಂದು ಕೇಳಿದಳು. "ಅತ್ತೆ ಬಿಟ್ಟ್ ಕೊಡ್ತಿಲ್ಲೆ ಅಂಬ್ರ್" ಎಂದು ನಗಾಡಿದೆ.

ಬರೆದು ಬರೆದು ಗೆಣ್ಣು ನೋಯುತ್ತಿದೆ. ನಿನ್ನ ಮೊಮ್ಮಗ ಗಟ್ಟಿಮುಟ್ಟಾಗಿ ಬೆಳೆಯಲಿ. ಧನ್ಯಶ್ರೀಗೆ ಬೆನ್ನಿಗೆ ಬಿಸಿನೀರು ಚೆನ್ನಾಗಿ ಹೊಯ್ಯಿ. ಮಾರಸ್ವಾಮಿ ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ
ಪದ್ದು

ಮತ್ತೆ: ಕಾಗದ ಮಡಚಿದ್ದೆ, ಬಿಚ್ಚಿದೆ. ನಿನಗೂ ಊರವರಿಗೆ ಹೇಳಿದ್ದನ್ನೇ ಹೇಳಿದರೆ ನನಗೆ ಉಳಿಯುವವರು ಯಾರು? ಬೀಗಿತ್ತಿ ಹಾಗೆ ಹೇಳಲೇ ಇಲ್ಲ ಗೋಪಿ. ಪಾಪ, ಅವರು ಒಳ್ಳೆಯವರು.

ನವ್ಯಾ ಇಲ್ಲಿದ್ದಾಗ ಒಂದು ಬೆಳಿಗ್ಗೆ ಅವಳಿನ್ನೂ ಮಲಗಿದ್ದಾಳೆ ಎಂದುಕೊಂಡು ನಾನು ಬಚ್ಚಲಿಗೆ ಹೋದೆ. ಹುಳಿಗೆ ತಂದ ದೊಡ್ಡ ಸೌತೆಕಾಯಿ ಇತ್ತು, ಕೂಸಿನಷ್ಟೇ ಗಾತ್ರ. ಕಾಲು ಚಾಚಿ ಕುಳಿತು, ಅದಕ್ಕೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿ ನೀರು ಹೊಯ್ದೆ. ಕೈ ಬರುತ್ತದಾ ನೋಡೋಣ ಎಂದು. ಮಗುಚಿ ಹಾಕುವಾಗ ಬೆರಳು ಮಡಚಲಿಲ್ಲ. ಜಾರಿ ಕಲ್ಲಿಗೆ ಬಿದ್ದು ಎರಡು ಹೋಳಾಯಿತು. ತಲೆ ಎತ್ತಿದರೆ ಬಾಗಿಲಲ್ಲಿ ನವ್ಯಾ, ಹೊಟ್ಟೆಗೆ ಕೈ ಒತ್ತಿಕೊಂಡು ನಿಂತಿದ್ದಳು.

ಮಾರನೆಯ ದಿನ ನನ್ನ ಎರಡೂ ಕೈ ತನ್ನ ಕೈಯೊಳಗೆ ಹಿಡಿದು, ಬಿಸಿಯಾಗಲಿ ಎಂದು ಉಜ್ಜುತ್ತಾ ಹೇಳಿದಳು: "ಅಮ್ಮ, ಅಂಟುದಿಲ್ಲೆ ಅಂದ್ ನಂಗೊತ್ತಿತ್. ಆದ್ರೂ ನಂಗ್ ಹೆದ್ರಿಕಿ ಆತ್ತ್. ಇಲ್ಲಿದ್ರೆ ಕೂಸನ್ನ ಮೀಸೂಕ್ ನಿಂಗ್ ಕೊಡ್ದೆ ಬೇರೆಯವ್ರಿಗ್ ಕೊಡೂಕ್ ನಂಗಾತಿಲ್ಲೆ. ನಾನ್ ಅಲ್ಲೇ ಇರ್ತೆ. ಅತ್ತೆ ಹೇಳಿದ್ದ್ ಅಂದ್ ಹೇಳ್, ಆತಾ?"

ಅವಳಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ಕೊಡುತ್ತಿರಲಿಲ್ಲ.

ಬರುವ ತಿಂಗಳು ಹೆರಿಗೆ. ಕೂಸು ನೋಡಲು ಬ್ರಹ್ಮಾವರಕ್ಕೆ ಹೋದಾಗ ನಾನು ಎಂತ ಮಾಡಲಿ, ನೀನೇ ಹೇಳು ಗೋಪಿ. ಕೊಡು ಎಂದು ಕೈ ಚಾಚಲಾ? ಅವಳಾಗಿಯೇ ಮಡಿಲಿಗೆ ಹಾಕುವವರೆಗೆ ಸುಮ್ಮನೆ ಕುಳಿತಿರಲಾ?