ಕೆಟ್ಟ ಉಸಿರಿನ ಪಾಠ

ಪಾಪಿರೆಡ್ಡಿಪಟ್ಟಿ
೧೪ ಆಗಸ್ಟ್ ೧೯೩೬

ಅವ್ವನ ಕಾಲಿಗೆ ಬಿದ್ದು ರಾಜಾತಿ ಬರೆಯುವುದು,

ನಿನ್ನೆ ಶಾಲೆಗೆ ಇನ್‌ಸ್ಪೆಕ್ಟ್ರೆಸ್ ಬಂದಿದ್ದರು. ನನ್ನ ಪಾಠ ಹಿಡಿಸಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಪೊನ್ನುಸ್ವಾಮಿ ಮಾವ ಸೇಲಂನಲ್ಲಿ ನನಗೆಂದೇ ಖಾಲಿ ಬಿಟ್ಟಿರುವ ಮಗ್ಗ. ಏನಾಯಿತೆಂದು ಕೊನೆಗೆ ಹಾರಬೇಡ. ಬಡಾಯಿ ಕೊಚ್ಚಲು ನನಗೂ ಸ್ವಲ್ಪ ಜಾಗ ಬಿಡು.

ಆಡಾಗಲಿ, ಎಮ್ಮೆಯಾಗಲಿ, ನಾವಾಗಲಿ, ಮೈಯೊಳಗೆ ಹುಟ್ಟುವ ಕೆಟ್ಟ ಗಾಳಿಯನ್ನು ರಕ್ತ ಹೇಗೆ ಹೊತ್ತು ತರುತ್ತದೆ ಎಂಬುದೇ ಪಾಠ. ಒಳ್ಳೆಯ ತಮಿಳಿನಲ್ಲೇ ಶುರು ಮಾಡಿದೆ. ಹುರುಪು ಏರಿತು ನೋಡು, ಮನೆಮಾತು ನುಗ್ಗಿಬಿಟ್ಟಿತು. ‘ಮೂಚ್ಚು’ ಎನ್ನುವಲ್ಲಿ ‘ಉಸಿರು’ ಎಂದೆ. ಕೆಟ್ಟ ಉಸಿರನ್ನು ರಕ್ತ ಹೊರಗೆ ತಳ್ಳುತ್ತದೆ ಎಂದೆ. ನಮಗೆ ಉಸಿರೆಂದರೆ ಮೂಗಿನದು, ಅವರ ತಮಿಳಿನಲ್ಲಿ ಅದು ಪ್ರಾಣ! ಮುಂದೆ ಕೂತಿದ್ದ ಪಾಪಾತಿ ಹೋ ಎಂದು ಅತ್ತಳು. ಅವಳು ಸುಳ್ಳು ಹೇಳಿದ್ದಳಂತೆ, ಅದಕ್ಕೆ ಅವಳದು ಕೆಟ್ಟ ಪ್ರಾಣವಂತೆ, ಇನ್ನು ಅದು ಹೋಗಿಬಿಡುತ್ತದಂತೆ.

ಇದು ಯಾವ ಊರಿನ ತಮಿಳು ಎಂದು ಇನ್‌ಸ್ಪೆಕ್ಟ್ರೆಸ್ ಅಮ್ಮ ಕೇಳಿದರು. ಇದು ಸೇಲಂ ನೇಕಾರರ ಕನ್ನಡ, ನಮ್ಮ ಮನೆಯ ಮಾತು ಎಂದು ತಲೆಯೆತ್ತಿ ಹೇಳಿದೆ.

ಸೋಸಿಟ್ಟಿದ್ದ ಸುಣ್ಣದ ತಿಳಿನೀರಿಗೆ ಪಪ್ಪಾಯಿ ದಂಟು ಇಟ್ಟು ಪಾಪಾತಿಯಿಂದ ಊದಿಸಿದೆ. ನೀರು ಹಾಲಿನಂತೆ ಬೆಳ್ಳಗಾಯಿತು. ಹೊರಗೆ ಬಂದದ್ದು ನೀರನ್ನು ಬೆಳ್ಳಗೆ ಮಾಡಿದ ಈ ಕೆಟ್ಟ ಗಾಳಿ ಅಷ್ಟೇ, ಪ್ರಾಣ ನಿನ್ನಲ್ಲೇ ಭದ್ರವಾಗಿದೆ ಎಂದೆ. ಕಣ್ಣೀರಿನಲ್ಲೇ ನಕ್ಕವಳು, ಹಾಗಾದರೆ ರಕ್ತದಲ್ಲಿ ಅದು ಗೋಲಿಸೋಡದ ಗುಳ್ಳೆಯಂತೆ ಬರುತ್ತದೆಯೇ ಎಂದು ಕೇಳಿದಳು. ಎಂಥ ಪ್ರಶ್ನೆ, ಅವ್ವ! ಇಲ್ಲ ಮಗು ಎಂದೆ. ಸ್ವಲ್ಪ ಹಾಗೇ ಕರಗಿರುತ್ತದೆ, ಸ್ವಲ್ಪ ರಕ್ತದ ಕೆಂಪಿಗೆ ಅಂಟಿಕೊಂಡಿರುತ್ತದೆ. ಬಹುಪಾಲು ನೀರಿನೊಡನೆ ಕೂಡಿ, ಅಡಿಗೆ ಸೋಡದಂಥ ಉಪ್ಪಾಗಿ ವೇಷ ಬದಲಿಸಿ ಸದ್ದಿಲ್ಲದೆ ಬರುತ್ತದೆ. ಶ್ವಾಸಕೋಶ ಸೇರಿದ ಮೇಲೆ ಮತ್ತೆ ಗಾಳಿಯಾಗಿ ಹೊರಗೆ ಹೋಗುತ್ತದೆ.

ಆಮೇಲೆ ಇನ್‌ಸ್ಪೆಕ್ಟ್ರೆಸ್ ಅಮ್ಮನೇ ಎದ್ದು ಬಂದು ದಂಟು ಊದಿದರು! ಹುಡುಗಿಯರು ಚಪ್ಪಾಳೆ ತಟ್ಟಿದರು. ಇನ್ನು ಮೇಲೆ ಮೂಚ್ಚು ಎನ್ನಿ ಎಂದು ನಗುತ್ತಾ, ಹೆಡ್‌ಮಿಸ್ಟ್ರೆಸ್ ಎದುರಲ್ಲೇ ನನ್ನನ್ನು ಖಾಯಂ ಮಾಡಿದರು.

ನನಗೆ ನನ್ನ ಮೇಲೇ ಹೆಮ್ಮೆಯಾಗಿದೆ. ಹೇಳಿಕೊಳ್ಳಲು ಏನೂ ನಾಚಿಕೆಯಿಲ್ಲ. ಮಗ್ಗದ ಮೇಲೆ ಬೇರೆ ಯಾರನ್ನಾದರೂ ಕೂರಿಸಲು ಮಾವನಿಗೆ ಹೇಳು.

ನಿನ್ನ ಮಗಳು,
ಪ. ರಾಜಾತಿ

ಮರೆತ ಮಾತು: ಖಾಯಂ ಟೀಚರ್‌ಗಳ ಹೆಸರಿನ ಹಲಗೆಗೆ ನನ್ನ ಇನಿಷಿಯಲ್ ಕೇಳಿದರು. ಇಲ್ಲಿ ಎಲ್ಲರದೂ ಅಪ್ಪನ ಹೆಸರಿನ ಅಕ್ಷರ. ನಮ್ಮನ್ನು ಬಿಟ್ಟು ಹಡಗು ಹತ್ತಿ ಹೋದವರ ಅಕ್ಷರ ನನ್ನ ಬಾಯಿಗೆ ಬರಲಿಲ್ಲ. ಪಳನಿಯಮ್ಮ ಎಂದೆ. ಆ ‘ಪ’ ನೀನು, ಅವ್ವ.